ನಾಲ್ಕನೆಯ ಸೀಟಿನ ಮಳ್ಳ

ಹೋದ ತಿಂಗಳು ನಮ್ಮ ಬೀದಿಯ ತಿರುವಿನಲ್ಲಿ, ಎಳನೀರಿನ ಗಾಡಿಯ ಹಿಂದೆ, ಒಂದು ಫ್ಲೆಕ್ಸ್ ಕಟ್ಟಿದರು. ನೀಲಿ ಆಕಾಶ, ಎರಡು ಬಿಳಿ ಪಾರಿವಾಳ, ನಡುವೆ ಗಂಭೀರವಾಗಿ ನೋಡುತ್ತಿರುವ ಒಬ್ಬ ಮನುಷ್ಯ. ಕೆಳಗೆ ‘ಲಿಂಗೈಕ್ಯರಾದ’ ಎಂದು ಶುರುವಾಗಿ ಇನಿಷಿಯಲ್ ಸಮೇತ ಒಂದು ಉದ್ದನೆಯ ಹೆಸರು. ನಮ್ಮ ಹಾಲಿನವನು ಆವರಗೆರೆಯಿಂದ ಎಷ್ಟೋ ವರ್ಷಗಳಿಂದ ಬರುತ್ತಿದ್ದಾನೆ, ಬೀದಿಯ ನಾಯಿಗಳ ಹೆಸರೂ ಅವನಿಗೆ ಗೊತ್ತು. ಅವನೇ ಗಾಡಿ ನಿಲ್ಲಿಸಿ, "ಯಾರ್ರೀ ಮಿಸ್ ಇವ್ರು, ಬಾಡಿಗೆಗೆ ಬಂದಿದ್ರಾ?" ಎಂದು ಕೇಳಿದ. ಎರಡು ದಿನದ ಹಿಂದೆ ಮಣ್ಣಿಗೆ ಹೋಗಿ ಬಂದವಳು ನಾನು. ನನಗೂ ಆ ಹೆಸರನ್ನು ಆ ಮನುಷ್ಯನಿಗೆ ಜೋಡಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು.

"ಮಳ್ಳ ಕಣಪ್ಪಾ," ಎಂದೆ.

ಹಾಲಿನ ಪಾಕೆಟ್ಟು ಅವನ ಕೈಯಲ್ಲೇ ಉಳಿಯಿತು. "ನಮ್ ಮಳ್ಳ ಏನ್ರೀ? ಅಯ್ಯೋ ಶಿವನೇ. ಅವಂಗೆ ಹೆಸರು ಬ್ಯಾರೆ ಇತ್ತಾ?"

ಆದ್ದರಿಂದ ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ಬರೆದರೆ ದಾವಣಗೆರೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನು, ಮೂರನೆಯ ಮನೆಯವನು. ಅದಕ್ಕೇ ಅವನು ಎನ್ನುತ್ತಿದ್ದೇನೆ, ಡಿಸ್‌ರೆಸ್ಪೆಕ್ಟ್ ಏನಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು, ಆಮೇಲೆ ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಬುದ್ಧಿಗೇಡಿತನಕ್ಕೆ ಇರುವ ಶಬ್ದಗಳೆಲ್ಲ ನನಗೆ ಮೊದಲು ಇಂಗ್ಲಿಷಿನಲ್ಲೇ ಬಂದವು. ಸಿಸ್ಟರ್‌ಗಳು ‘ಸಿಲ್ಲಿ ಗರ್ಲ್’ ಎನ್ನುತ್ತಿದ್ದರು, ಬಹಳ ಸಿಟ್ಟು ಬಂದರೆ ‘ಡನ್ಸ್’. ಕನ್ನಡದವನ್ನು ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಒಂದೊಂದಾಗಿ ಕಲಿತೆ. ದಡ್ಡ ಎನ್ನುವುದು ಮಾರ್ಕ್ಸ್ ಕಾರ್ಡಿಗೆ ಸಂಬಂಧಿಸಿದ್ದು. ಹುಚ್ಚ ಎನ್ನುವುದು ಡಾಕ್ಟರಿಗೆ. ಪೆದ್ದು ಎಂದು ಗಂಡ ಹೆಂಡತಿಗೆ ಹೇಳಿದರೆ ಇಬ್ಬರಿಗೂ ಒಳಗೊಳಗೇ ಖುಷಿ. ಮಳ್ಳ ಮಾತ್ರ ಇದ್ಯಾವುದೂ ಅಲ್ಲ. ಮೋಡ ಕವಿದಿದ್ದರೂ ಕೊಡೆ ಬಿಟ್ಟು ಹೋಗುವವನು ಮಳ್ಳ. ಹೇಳಿದ ರೇಟಿಗೇ ಬದನೆಕಾಯಿ ಕೊಂಡವಳು ಮಳ್ಳಿ (ಇದು ನಾನೇ, ಮಾರ್ಕೆಟ್ಟಿನ ಹೆಂಗಸೇ ನನ್ನ ಮುಖಕ್ಕೆ ಹೇಳಿದ್ದು). ಮಗು ಮಣ್ಣು ತಿಂದರೆ ಅದೂ ಮಳ್ಳ. ಇನ್ನು, ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ಕಣ್ಣು ಪಿಳಿಪಿಳಿ ಬಿಡುವವನನ್ನೂ ಇಲ್ಲಿ ಮಳ್ಳ ಎಂದೇ ಕರೆಯುತ್ತಾರೆ. ಎರಡರಲ್ಲಿ ಯಾವ ಮಳ್ಳ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಕೇಳಿದವರೇ ಮಳ್ಳರಾಗುತ್ತಾರೆ.

ಅವನು ಚೌಕಿಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಬಿಳಿ ಹಾಸಿನ ಮೇಲೆ ಕಾಲು ಮಡಿಸಿ ಕೂತು ಬೆಳಗಿಂದ ಸಂಜೆಯವರೆಗೆ ಸೀರೆ ಬಿಚ್ಚಿ ಹರಡುವುದು, ಮತ್ತೆ ಮಡಚುವುದು. ಒಮ್ಮೆ ಸ್ಕೂಲಿನ ಆನ್ಯುಯಲ್ ಡೇಗೆಂದು ನಾನು ಒಂದು ಪಿಸ್ತಾ ಬಣ್ಣದ ಸೀರೆಯನ್ನು ಬಹಳ ಆಸೆಯಿಂದ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದೆ. ಇವನು ಕೂತಲ್ಲಿಂದಲೇ, "ಮಿಸ್, ಇದನ್ನ ಉಟ್ಕಂಡ್ರೆ ನೀವು ಕರೇ ಬೋರ್ಡಿನ ಮುಂದೆ ಕಾಣ್ತೀರಿ. ಗ್ವಾಡೆ ಮುಂದೆ ನಿಂತ್ರೆ ಕಾಣಲ್ಲ," ಎಂದ. ಅಂಗಡಿಯ ಯಜಮಾನರು ಗಲ್ಲಾದಿಂದ ಎದ್ದು ಬಂದು, "ಅವ್ನ್ ಮಾತು ಬಿಡ್ರಿ ಮಿಸ್, ಅವ್ನು ಮಳ್ಳ," ಎಂದು ಕೈ ಮುಗಿದರು. ಆದರೆ ಸ್ಕೂಲಿನ ಗೋಡೆಗಳಿಗೆ ಪಿಸ್ತಾ ಬಣ್ಣ ಬಳಿದಿದ್ದರು, ಅದು ನಿಜ. ಅವನು ಬೆರಳು ತೋರಿಸಿದ ನೇರಳೆ ಬಣ್ಣದ್ದನ್ನು ಕೊಂಡೆ. ಈಗಲೂ ಉಡುತ್ತೇನೆ.

ಇಂಥವನನ್ನು ಯಜಮಾನರು ಯಾಕೆ ಇಟ್ಟುಕೊಂಡಿದ್ದಾರೆ ಎಂದು ನನಗೆ ಸೋಜಿಗ. ಆಮೇಲೆ ಗೊತ್ತಾಯಿತು, ಮದುವೆ ಜವಳಿಗೆ ಬಂದವರು ಮೆಟ್ಟಿಲು ಹತ್ತುತ್ತಲೇ "ಮಳ್ಳ ಅದಾನಾ?" ಎಂದು ಕೇಳುತ್ತಿದ್ದರು. ಅವನು ಚೆನ್ನಾಗಿದೆ ಎಂದರೆ ಚೆನ್ನಾಗಿದೆ. ಬಣ್ಣ ಹೋಗುತ್ತದೆ ಎಂದರೆ ಹೋಗುತ್ತದೆ. ಯಜಮಾನರು ದಿನಕ್ಕೆ ಹತ್ತು ಸಲ ಅವನನ್ನು ಮಳ್ಳ ಎಂದು ಬೈದು, ದಿನಕ್ಕೆ ಹತ್ತು ಸಲ ಚಹಾ ತರಿಸಿ ಕೊಡುತ್ತಿದ್ದರು.

ಅವನ ನಿಜವಾದ ಕರಿಯರ್ ಶುರುವಾದದ್ದು ಮಾತ್ರ ಹರಿಹರದಲ್ಲಿ.

ನಮ್ಮ ಕಡೆ ಮದುವೆ ಮಾತುಕತೆಗೆ ಮೂರು ಜನ ಹೋಗುವುದಿಲ್ಲ. ಮೂವರು ಹೋದರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಎದುರು ಮನೆಯವರು ತಮ್ಮ ಮಗಳಿಗೆ ಹುಡುಗನ ಮನೆ ನೋಡಿ ಬರಲು ಗಂಡ, ಹೆಂಡತಿ, ಗಂಡನ ಅಣ್ಣ, ಮೂರೇ ಜನ ಹೊರಟುಬಿಟ್ಟಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನೆನಪಾಯಿತು. ನಮ್ಮ ಮಳ್ಳ ಅಲ್ಲಿ ಮಂಡಕ್ಕಿ ತಿನ್ನುತ್ತ ನಿಂತಿದ್ದ. ಲೆಕ್ಕ ಸರಿಮಾಡಲು ಅವನನ್ನೇ ಎಳೆದುಕೊಂಡು ಬಸ್ ಹತ್ತಿದರು. ಈ ಕತೆಯನ್ನು ನಾನು ಐದು ಜನರ ಬಾಯಲ್ಲಿ ಕೇಳಿದ್ದೇನೆ, ಐವರೂ ಒಂದೇ ರೀತಿ ಹೇಳುತ್ತಾರೆ.

ಹರಿಹರದ ಮನೆಯಲ್ಲಿ ಎಲ್ಲ ಚೆನ್ನಾಗಿತ್ತು. ಹುಡುಗನಿಗೆ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸ ಎಂದರು. ಹುಡುಗ ಬಂದ, ನಮಸ್ಕಾರ ಮಾಡಿದ, ಕೂತ. ಉಪ್ಪಿಟ್ಟು ಬಂತು, ಚಹಾ ಬಂತು. ಇನ್ನೇನು ಮಾತು ಗಟ್ಟಿ ಮಾಡುವ ಎಲೆಅಡಿಕೆ ತಟ್ಟೆ ಬರಬೇಕು, ಅಷ್ಟರಲ್ಲಿ ಇವನು ಗೋಡೆಯ ಕ್ಯಾಲೆಂಡರ್ ನೋಡುತ್ತ, "ಇವತ್ತು ಸೋಮಾರ ಅಲ್ಲೇನ್ರಿ? ಫ್ಯಾಕ್ಟ್ರಿಗೆ ರಜಾ ಏನು?" ಎಂದ.

ಎದುರು ಮನೆಯವರು ಬೆವರು ಒರೆಸಿಕೊಂಡು, "ಅವ್ನು ಸ್ವಲ್ಪ ಮಳ್ಳ ರೀ, ಮನಸಿಗೆ ಹಚ್ಕಬ್ಯಾಡ್ರಿ," ಎಂದರು. ಮಳ್ಳ ಎಂದು ಗೊತ್ತಾದ ಕೂಡಲೇ ಹುಡುಗನ ಸೋದರತ್ತೆಗೆ ಸಮಾಧಾನವಾಗಿರಬೇಕು. ಚಿಕ್ಕ ಮಗುವಿಗೆ ಹೇಳುವ ಹಾಗೆ, "ರಜಾ ಅಲ್ಲಪ್ಪಾ, ಅವ್ನು ಕೆಲಸ ಬಿಟ್ಟು ಎರಡು ವರ್ಷ ಆತು," ಎಂದುಬಿಟ್ಟರು.

ಅಂದಿನಿಂದ ನಮ್ಮ ಬೀದಿಯಲ್ಲಿ, ಆಮೇಲೆ ಪಕ್ಕದ ಬೀದಿಯಲ್ಲಿ, ಆಮೇಲೆ ಹದಡಿಯ ತನಕ, ಯಾರ ಮನೆಯ ಮಾತುಕತೆಗಾದರೂ ನಾಲ್ಕನೆಯ ಸೀಟು ಅವನದಾಯಿತು. ಒಂದು ಮನೆಗೆ ಒಂದೇ ಪ್ರಶ್ನೆ. ಚಹಾ ಆದ ಮೇಲೆ, ಎಲೆಅಡಿಕೆಗೆ ಮುಂಚೆ. ಕೇಳುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದ. ಕೇಳಿದ ಮೇಲೆ ಆಕಾಶ ಬಿದ್ದರೂ ಬಾಯಿ ತೆರೆಯುತ್ತಿರಲಿಲ್ಲ. ಜೊತೆಗೆ ಹೋದ ಹಿರಿಯರು ಗಾಬರಿ ನಟಿಸಿ "ಅವ್ನು ಮಳ್ಳ" ಎನ್ನುವುದು, ಆ ಕಡೆಯವರು ನಕ್ಕು ನಿಜ ಹೇಳುವುದು. ಇಡೀ ಪ್ರೊಸೀಜರ್ ಯಾವ ಮಂತ್ರಕ್ಕೂ ಕಡಿಮೆ ಇಲ್ಲದ ಹಾಗೆ ನಡೆಯುತ್ತಿತ್ತು.

ನನ್ನ ತಂಗಿಯ ಮಗಳ ಸಂಬಂಧಕ್ಕೆ ಹೋದಾಗ ನಾನೂ ಕಾರಿನಲ್ಲಿದ್ದೆ. ಆ ಮನೆಯವರು ತಮ್ಮದು ಜಾಯಿಂಟ್ ಫ್ಯಾಮಿಲಿ, ಇಬ್ಬರು ಸೊಸೆಯರೂ ಅಕ್ಕತಂಗಿಯರ ಹಾಗೆ ಇದ್ದಾರೆ ಎಂದು ಹೇಳಿ ಹೇಳಿ ನಮಗೇ ಕಣ್ಣಲ್ಲಿ ನೀರು ತರಿಸಿದರು. ಇವನು ಕೈ ತೊಳೆಯಲು ಹಿಂದೆ ಹೋಗಿ ಬಂದು, ಫ್ಯಾನ್ ನೋಡುತ್ತ, "ಒಂದೇ ಮನ್ಯಾಗೆ ಎರಡು ಒಲೆ ಯಾಕ್ರಿ?" ಎಂದ. ಮೊದಲು ನಕ್ಕವಳು ದೊಡ್ಡ ಸೊಸೆ. ಆ ಸಂಬಂಧ ಆಯಿತು. ನನ್ನ ತಂಗಿಯ ಮಗಳು ಈಗ ಅದೇ ಮನೆಯಲ್ಲಿ ಮೂರನೆಯ ಒಲೆ ಹಚ್ಚಿಕೊಂಡು ಸುಖವಾಗಿದ್ದಾಳೆ.

ಅವತ್ತೇ ನಾನು ಅವನ ಗುಟ್ಟು ನೋಡಿದ್ದು. ಕಾರು ಆ ಮನೆಯ ಮುಂದೆ ನಿಂತಾಗ ಎಲ್ಲರೂ ಬಾಗಿಲು ತೆಗೆಯುವ ಗಡಿಬಿಡಿಯಲ್ಲಿದ್ದರು. ಅವನು ಮುಂದಿನ ಸೀಟಿನಲ್ಲಿ ಕೂತು, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಎರಡನೆಯ ಗುಂಡಿ ಬಿಚ್ಚಿ, ಮೂರನೆಯ ಕಾಜಕ್ಕೆ ಹಾಕಿಕೊಂಡ. ಶರ್ಟು ಎದೆಯ ಹತ್ತಿರ ಸೊಟ್ಟಗೆ ಉಬ್ಬಿತು. ಕಾರಿನ ಕನ್ನಡಿಯಲ್ಲಿ ನನ್ನ ಕಣ್ಣೂ ಅವನ ಕಣ್ಣೂ ಸಂಧಿಸಿದವು. ಮಾತುಕತೆ ಮುಗಿಸಿ ಬೀದಿಗೆ ವಾಪಸು ಬಂದಾಗಲೆಲ್ಲ ಅವನ ಗುಂಡಿ ತಪ್ಪಿರುತ್ತಿದ್ದದ್ದು ನನಗೆ ನೆನಪಾಯಿತು. ‘ಪಾಪ, ಗುಂಡಿ ಹಾಕ್ಕೊಳ್ಳೋಕೂ ಬರಲ್ಲ’ ಎಂದು ನಾನೇ ಎಷ್ಟು ಸಲ ಹೇಳಿದ್ದೆ.

ಮರುದಿನ ನಮ್ಮ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ತಲೆ ಕೆರೆದುಕೊಂಡ.

"ಯಾರ್ಗೂ ಹೇಳ್ಬ್ಯಾಡ್ರಿ ಮಿಸ್. ಗುಂಡಿ ಸರಿ ಇದ್ದೋನಿಗೆ ಮಂದಿ ಸರಿಯಾಗಿ ಕೂಡ್ರಿಸಿ ಸುಳ್ಳು ಹೇಳ್ತಾರೆ. ಸೊಟ್ಟ ಇದ್ದೋನಿಗೆ ಅಷ್ಟು ತ್ರಾಸ್ ಯಾರು ತಗಂತಾರೆ?"

ನಾನು ಯಾರಿಗೂ ಹೇಳಲಿಲ್ಲ. ಅವನ ಹೆಂಡತಿಗೂ ಗೊತ್ತಿತ್ತೋ ಇಲ್ಲವೋ. ಸಂಜೆಯಾದರೆ ಬಾಗಿಲಲ್ಲಿ ನಿಂತು "ನಮ್ ಮಳ್ಳ ಬಂತೇನ್ರಿ?" ಎಂದು ಬೀದಿಗೆಲ್ಲ ಕೇಳುವಾಗ ಆಕೆಯ ದನಿಯಲ್ಲಿ ಏನಿತ್ತು ಎಂದು ನಾನು ಟ್ರಾನ್ಸ್‌ಲೇಟ್ ಮಾಡಲಾರೆ.

ಇಷ್ಟರಲ್ಲಿ ಅವನ ಒಬ್ಬಳೇ ಮಗಳು ಮದುವೆಗೆ ಬಂದಳು. ಹರಿಹರದಿಂದಲೇ ಸಂಬಂಧ. ದೇವಸ್ಥಾನದ ಹತ್ತಿರ ಮನೆ, ಬೀಜ ಗೊಬ್ಬರದ ಅಂಗಡಿ, ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ, ಮನೆಯಲ್ಲಿ ಅಜ್ಜಿಯದೇ ಕಾರುಬಾರು. ಹುಡುಗಿಯ ಅಪ್ಪ, ಅಮ್ಮ, ಹದಡಿಯಿಂದ ಸೋದರಮಾವ. ಲೆಕ್ಕ ಹಾಕಿ, ಮೂರು ಜನ. ಅವನು ನಮ್ಮ ಮನೆಗೆ ಬಂದು, ಕೂತುಕೊಳ್ಳದೆ ನಿಂತೇ ಇದ್ದ.

"ನನ್ನ ಮಗಳಿಗೆ ನಾನೇ ಮಳ್ಳ ಆಗಾಕೆ ಬರಲ್ಲ ಮಿಸ್. ಅಪ್ಪ ಅನ್ನಿಸ್ಕಂಡೋನು ಗುಂಡಿ ಸರಿ ಹಾಕ್ಕಂಡು ಸುಮ್ನೆ ಕೂಡ್ರಬೇಕು. ಇಷ್ಟು ಮಂದಿ ಮನಿ ನೋಡೀನಿ, ಈ ಮನಿಗೆ ಹೋಗ್ಬೇಕು ಅಂದ್ರೆ ನಂಗೆ ಕಣ್ಣೇ ಕಾಣವಲ್ದು. ನೀವು ಬರ್ರಿ."

ನಾನು ಮೂವತ್ತು ವರ್ಷ ಹುಡುಗಿಯರಿಗೆ ಇಂಡೈರೆಕ್ಟ್ ಸ್ಪೀಚ್ ಕಲಿಸಿದವಳು. ಇನ್ನೊಬ್ಬರ ಮನೆಯಲ್ಲಿ ನೀರು ಬೇಕಾದರೂ ‘ಬಹಳ ಸೆಕೆ ಅಲ್ಲವೇ’ ಎನ್ನುವುದೇ ಮ್ಯಾನರ್ಸ್ ಎಂದು ನಂಬಿದವಳು. ನನ್ನಿಂದ ಆಗುವುದಿಲ್ಲ, ಬೀದಿಯಲ್ಲಿ ಬೇರೆ ಯಾರೂ ಇಲ್ಲವೇ ಎಂದೆ.

"ಶಾಣ್ಯಾರು ಬಾಳ ಮಂದಿ ಅದಾರೆ," ಎಂದ. "ಆದ್ರೆ ಅವತ್ತು ನೀವು ಪಿಸ್ತಾ ಸೀರಿ ಬಿಟ್ಟು ನಾ ಹೇಳಿದ್ದು ತಗಂಡ್ರಲ್ಲ, ಅವತ್ತೇ ಗೊತ್ತಾತು ನಂಗೆ."

ಕಾಂಪ್ಲಿಮೆಂಟೋ ಇನ್ಸಲ್ಟೋ ಎಂದು ಯೋಚಿಸುವಷ್ಟರಲ್ಲಿ ಹೋಗಿಬಿಟ್ಟ.

ನಾನು ಹಿಂಜರಿದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವನಿಗೆ ಹೇಳುವ ಹಾಗಿರಲಿಲ್ಲ. ಹಿಂದಿನ ವಾರವಷ್ಟೇ ಅವನ ಮಗಳು ಬಿ.ಎಡ್. ಅರ್ಜಿ ಹಿಡಿದುಕೊಂಡು ಬಂದಿದ್ದಳು. ಚಿಕ್ಕಂದಿನಿಂದ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್ನಿಗೆ ಬಂದ ಹುಡುಗಿ. ಇಬ್ಬರೂ ಕೂತು ಅರ್ಜಿ ತುಂಬಿದೆವು. ಎರಡು ವರ್ಷ ಓದಬೇಕು, ಟೀಚರ್ ಆಗಬೇಕು ಎಂದಳು. ಅಪ್ಪನಿಗೆ ಹೇಳಿದ್ದೀಯಾ ಎಂದರೆ, "ಅಪ್ಪ ಕೇಳಿಲ್ಲ ಮಿಸ್, ನಾನು ಹೇಳಿಲ್ಲ," ಎಂದು ಪೆನ್ನಿನ ಮುಚ್ಚಳ ಕಚ್ಚಿದಳು. ಇಂಟರ್‌ಫಿಯರ್ ಮಾಡಬಾರದು ಎಂದು ನಾನು ಸುಮ್ಮನಾದೆ. ಅದೂ ಮ್ಯಾನರ್ಸೇ. ಈಗ ಆ ಹುಡುಗಿಯ ಮದುವೆ ಗೊತ್ತು ಮಾಡುವ ಸೀಟಿನಲ್ಲಿ ಹೋಗಿ ಕೂರಬೇಕಾಗಿತ್ತು.

ಹೊರಟ ದಿನ ನಾನು ನೇರಳೆ ಸೀರೆ ಉಟ್ಟು, ಸೆರಗಿಗೆ ಬ್ರೂಚ್ ಹಾಕಿ, ಕೂದಲು ನೀಟಾಗಿ ಕಟ್ಟಿ ಬಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ. ಹರಿಹರದಲ್ಲಿ ಬಸ್ಸು ಇಳಿದ ಮೇಲೆ, ಮಿಕ್ಕವರು ಮುಂದೆ ಹೋಗಲಿ ಎಂದು ನಿಧಾನಿಸಿ, ಮೆಲ್ಲಗೆ ಹೇಳಿದ: "ಹಿಂಗೆ ಬಂದ್ರೆ ಯಾರೂ ನಂಬಲ್ಲ ಮಿಸ್. ವಾಚಾದ್ರೂ ತಲೆಕೆಳಗು ಕಟ್ಕಳ್ರಿ."

ಕಟ್ಟಿಕೊಂಡೆ. ಅವನ ಶರ್ಟಿನ ಗುಂಡಿಗಳು ಅವತ್ತು ಒಂದಕ್ಕೊಂದು ಸರಿಯಾಗಿದ್ದವು. ಸರಿಯಾದ ಗುಂಡಿಯಲ್ಲಿ ಅವನು ಯಾರೋ ಬ್ಯಾಂಕ್ ಮ್ಯಾನೇಜರ್ ಹಾಗೆ, ಸ್ವಲ್ಪ ಕಾಯಿಲೆಯವನ ಹಾಗೆ ಕಾಣುತ್ತಿದ್ದ.

ಆ ಮನೆಯಲ್ಲಿ ನಾನು ಹುಳುಕು ಹುಡುಕಿದೆ, ದೇವರಾಣೆ ಹುಡುಕಿದೆ. ಎಲ್ಲೂ ಇರಲಿಲ್ಲ. ಒಂದೇ ಒಲೆ. ಹುಡುಗ ಅಂಗಡಿಯಿಂದ ಗೊಬ್ಬರದ ಧೂಳಿನ ಅಂಗಿಯಲ್ಲೇ ಬಂದು ನಾಚಿಕೊಂಡು ಕೂತ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ಅಜ್ಜಿ ಎಲ್ಲರ ತಟ್ಟೆಗೂ ತಾವೇ ಬಡಿಸಿದರು. ಹುಡುಗ ಫೋಟೋ ನೋಡಿ ಒಪ್ಪಿದ್ದಾನೆ, ನಿಮ್ಮ ಹುಡುಗಿಗೆ ಹೇಗೋ ಎಂದು ಅಜ್ಜಿ ವಿಚಾರಿಸಿದರು. ಅದಕ್ಕೆ ಹದಡಿಯ ಸೋದರಮಾವ, ನಮ್ಮ ಹುಡುಗಿ ನಾವು ಹಾಕಿದ ಗೆರೆ ದಾಟುವವಳಲ್ಲ ಎಂದು ಹೆಮ್ಮೆಯಿಂದ ಹೇಳಿದ. ಮಳ್ಳನ ಹೆಂಡತಿ ಸೆರಗು ಸರಿಮಾಡಿಕೊಂಡಳು. ಅವನು ತಲೆಯಾಡಿಸಿದ. ಚಹಾ ಮುಗಿದಿತ್ತು. ಒಳಗೆ ಎಲೆಅಡಿಕೆಯ ತಟ್ಟೆ ಸದ್ದಾಯಿತು.

ನನ್ನ ಬಾಯಲ್ಲಿ ಮೆಣಸಿನಕಾಯಿ ಇತ್ತು, ಕಣ್ಣಲ್ಲಿ ನೀರಿತ್ತು. ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಅದನ್ನು ನೋಡುತ್ತ ಹೇಳಿಬಿಟ್ಟೆ.

"ಹುಡುಗೀನ ಯಾರಾದರೂ ಕೇಳಿದ್ರಾ?"

ಪ್ರಶ್ನೆ ಆ ಕಡೆಗೆ ಹೋಗಬೇಕಿತ್ತು, ನಮ್ಮ ಕಡೆಗೇ ಬಂದು ಬಿತ್ತು. ಸೋದರಮಾವನಿಗೆ ಕೆಮ್ಮು ಹತ್ತಿತು. ವಾಡಿಕೆಯಂತೆ ಈಗ ಯಾರಾದರೂ ‘ಅವರು ಸ್ವಲ್ಪ’ ಎಂದು ಶುರುಮಾಡಬೇಕು. ಆದರೆ ರಿಟೈರ್ಡ್ ಕಾನ್ವೆಂಟ್ ಮಿಸ್ಸನ್ನು ಆ ಶಬ್ದದಿಂದ ಕರೆಯುವ ಧೈರ್ಯ ಸೋದರಮಾವನಿಗೂ ಬರಲಿಲ್ಲ, ಮಳ್ಳನ ಹೆಂಡತಿಗೂ ಬರಲಿಲ್ಲ. ಕೇಳಿದ ಮೇಲೆ ಬಾಯಿ ತೆರೆಯಬಾರದು ಎಂದು ನಾನು ತುಟಿ ಬಿಗಿಹಿಡಿದು ಕೂತೆ. ಸಾರಿ ಎಂದುಬಿಡುತ್ತಿದ್ದೆ, ಇನ್ನೊಂದು ಕ್ಷಣ ಕಳೆದಿದ್ದರೆ.

ಅವನು ನನ್ನನ್ನು ನೋಡಿದ. ಎಷ್ಟೋ ಮನೆಗಳಲ್ಲಿ ಎಷ್ಟೋ ಅಪ್ಪಂದಿರು ಅವನನ್ನು ಹಾಗೆ ನೋಡಿರಬೇಕು. ಅವನ ಕೈ ತಾನಾಗಿ ಎರಡನೆಯ ಗುಂಡಿಯ ಮೇಲೆ ಹೋಯಿತು. ಅದು ಸರಿಯಾಗಿಯೇ ಇತ್ತು. ಆಮೇಲೆ ಅಜ್ಜಿಯ ಕಡೆ ತಿರುಗಿದ.

"ನಮ್ ಮಿಸ್ ಸ್ವಲ್ಪ ಮಳ್ಳಿ ರೀ, ಮನಸಿಗೆ ಹಚ್ಕಬ್ಯಾಡ್ರಿ," ಎಂದ. ತನ್ನ ತಟ್ಟೆ ಪಕ್ಕಕ್ಕಿಟ್ಟು, "ಆದ್ರೆ ನಾನು ಕೇಳಿಲ್ಲ ನೋಡ್ರಿ. ಊರ ಮಂದೀನೆಲ್ಲ ಕೇಳೀನಿ, ಆ ಕೂಸನ್ನ ಕೇಳಿಲ್ಲ," ಎಂದ.

ಅಜ್ಜಿ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಿಸಿದರು. "ನನ್ನೂ ಯಾರೂ ಕೇಳಿರ್ಲಿಲ್ಲ. ಹೋಗಿ ಕೇಳ್ಕಂಡು ಬರ್ರಿ. ನಾವೇನು ಹೊಳಿ ದಾಟಿ ಓಡಿ ಹೋಗ್ತೀವಾ?" ಎಂದು, ಒಳಗಿನಿಂದ ಬರುತ್ತಿದ್ದ ತಟ್ಟೆಯನ್ನು ಕೈಸನ್ನೆಯಿಂದ ವಾಪಸು ಕಳಿಸಿದರು. ನನ್ನ ತಟ್ಟೆಗೆ ಮಾತ್ರ ಇನ್ನೊಂದು ಮೆಣಸಿನಕಾಯಿ ಹಾಕಿದರು.

ಬಸ್ಸಿನಲ್ಲಿ ಅವನು ನನ್ನಿಂದ ಮೂರು ಸೀಟು ಹಿಂದೆ ಕೂತ. ನಲವತ್ತು ವರ್ಷದ ನೆರೆಹೊರೆಯ ನಂಟು ಇವತ್ತಿಗೆ ಮುಗಿಯಿತು ಎಂದು ನಾನು ಕಿಟಕಿಯಲ್ಲಿ ಮುಖ ಇಟ್ಟುಕೊಂಡು ಕೂತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಪಕ್ಕಕ್ಕೆ ಬಂದು, "ವಾಚು ಸರಿ ಕಟ್ಕಳ್ರಿ ಮಿಸ್. ಕೆಲಸ ಆತಲ್ಲ," ಎಂದ.

ಆ ಸಂಜೆ ಮಗಳು ಅರ್ಜಿಯನ್ನು ಅಪ್ಪನ ಮುಂದೆ ಇಟ್ಟಳಂತೆ. ಬಿ.ಎಡ್. ಮುಗಿಸಿದಳು. ಎರಡು ವರ್ಷವೂ ಹರಿಹರದ ಅಜ್ಜಿ ಬೇರೆ ಹುಡುಗಿ ನೋಡಲು ಬಿಡಲಿಲ್ಲ. ರಿಸಲ್ಟ್ ಬಂದ ಮೇಲೆ ಹುಡುಗಿ ತಾನೇ ಹೋಗಿ ಆ ಮನೆ ನೋಡಿ, ಹುಡುಗನನ್ನು ಏನೇನೋ ಕೇಳಿ, ಒಪ್ಪಿಕೊಂಡಳು. ಏನು ಕೇಳಿದೆ ಎಂದರೆ ಹೇಳಲಿಲ್ಲ. ಈಗ ಹರಿಹರದಲ್ಲೇ ಟೀಚರ್.

ಅವನು ಹೋದ ಮೇಲಿನ ಶಿವಗಣಾರಾಧನೆಯ ಹಿಂದಿನ ದಿನ ನಾನು ಅವರ ಮನೆಯಲ್ಲಿ ಕೂತಿದ್ದೆ. ಫೋಟೋಕ್ಕೆ ಕಟ್ಟು ಹಾಕಿಸಬೇಕಿತ್ತು. ಸೋದರಮಾವ ಫ್ಲೆಕ್ಸಿನಲ್ಲಿದ್ದ ಫೋಟೋವನ್ನೇ ತಂದಿದ್ದ. ಸ್ಟುಡಿಯೋದಲ್ಲಿ ತೆಗೆದದ್ದು, ತಲೆ ಬಾಚಿದ್ದು, ಗುಂಡಿಗಳೆಲ್ಲ ಸರಿ. ಮಗಳು ಅದನ್ನು ನೋಡಿ ಪಕ್ಕಕ್ಕಿಟ್ಟಳು. ತನ್ನ ಮದುವೆಯ ಆಲ್ಬಮ್ಮಿನಿಂದ ಒಂದು ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು.

ಕನ್ನಡಕ ಏರಿಸಿ ನೋಡಿದೆ. ಹೊಸ ರೇಷ್ಮೆ ಅಂಗಿ. ಎರಡನೆಯ ಗುಂಡಿ ಮೂರನೆಯ ಕಾಜದಲ್ಲಿತ್ತು.

ಅವತ್ತು ನಾನೂ ಆ ಚಪ್ಪರದಲ್ಲಿದ್ದೆ, ಗಮನಿಸಿರಲಿಲ್ಲ. ಅವತ್ತು ಅವನು ಯಾರನ್ನೂ ಏನೂ ಕೇಳುವುದಿರಲಿಲ್ಲ. ಎಲ್ಲ ಕೇಳಿ ಆಗಿತ್ತು. ಹಾಗಾದರೆ ಬೇಕೆಂದೇ ಹಾಕಿಕೊಂಡದ್ದೋ, ಮಗಳನ್ನು ಕಳಿಸುವ ಗಡಿಬಿಡಿಯಲ್ಲಿ ತಪ್ಪಿದ್ದೋ? ಅವತ್ತು ಕಾರಿನ ಕನ್ನಡಿಯಲ್ಲಿ ಅವನ ಗುಟ್ಟು ಕಂಡ ಹಾಗೆ ಇದು ನನಗೆ ಕಾಣುವುದಿಲ್ಲ.

ಸೋದರಮಾವ ಬಗ್ಗಿ ನೋಡಿ ಹೌಹಾರಿದ. "ಇದಾ? ಗುಂಡಿ ನೋಡವ್ವಾ ಹೆಂಗೈತೆ. ನಾಳೆ ನೂರಾರು ಮಂದಿ ಬರ್ತಾರೆ, ಏನಂತಾರೆ?"

ಅವಳು ಫೋಟೋವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನ ತುದಿಯಿಂದ ಒಮ್ಮೆ ಒರೆಸಿದಳು.

"ಏನಂತಾರೆ ಮಾವ. ಮಳ್ಳ ಅಂತಾರೆ."